ಕೈಗುಣದ ಡಾಕ್ಟರು ಎಲ್ಲಿ ಹೋದರು?

ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕುಳಿತವನಿಗೆ ಹರಿದ ಎಳೆ ಕೂಡಿಸುವಾಗ ಕಣ್ಣು ಮಂಜಾಗತೊಡಗಿದರೆ ‘ಚಾಳೀಸ ಬಂತು’ ಎನ್ನುತ್ತಾರೆ. ಚಾಳೀಸ ಎಂದರೆ ಮರಾಠಿಯಲ್ಲಿ ನಲವತ್ತು. ಎಣಿಕೆಯ ಪದವೊಂದು ಈ ಭಾಗದ ಕನ್ನಡದಲ್ಲಿ ನಡುವಯಸ್ಸಿನ ಕಣ್ಣಿನ ತೊಂದರೆಗೂ, ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಗಿದೆ. ಚಾಳೀಸಿನದು ದೊಡ್ಡ ಸಮಸ್ಯೆಯಲ್ಲ. ಬಂದಾಗ ತಾನೇ ಗೊತ್ತಾಗುತ್ತದೆ, ಕನ್ನಡಕ ಹಾಕಿದರೆ ಮುಗಿಯಿತು. ಅದೇ ವಯಸ್ಸಿಗೆ ಬರುವ ರಕ್ತದೊತ್ತಡ ಹಾಗಲ್ಲ, ಸಕ್ಕರೆ ಕಾಯಿಲೆಯೂ ಹಾಗಲ್ಲ. ನೋವಿಲ್ಲ, ಜ್ವರವಿಲ್ಲ. ಯಾರಾದರೂ ಪರೀಕ್ಷಿಸಿ ಹೇಳುವತನಕ ಮನುಷ್ಯ ಆರಾಮಾಗಿಯೇ ಓಡಾಡಿಕೊಂಡಿರುತ್ತಾನೆ.

ಹಾಗೆ ಹೇಳುವವರು ಯಾರು? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಈ ಪ್ರಶ್ನೆಗೆ ಹಿಂದಿನ ತಲೆಮಾರಿನವರು ಸಲೀಸಾಗಿ ‘ನಮ್ಮ ಡಾಕ್ಟರು’ ಎಂದುಬಿಡುತ್ತಿದ್ದರು. ಪೇಟೆಯ ಒಂದು ಕೋಣೆಯ ದವಾಖಾನೆ, ಪರದೆಯ ಹಿಂದೆ ಒಂದು ಮಂಚ, ಮಿಕ್ಶ್ಚರ್ ಬಾಟಲಿಗೆ ಅಳತೆಯ ಕಾಗದ ಕತ್ತರಿಸಿ ಅಂಟಿಸುವ ಕಂಪೌಂಡರ್. ‘ಅವರ ಕೈಗುಣ ಚಲೋ ಐತಿ’ ಎಂಬುದೇ ಆ ಡಾಕ್ಟರಿಗೆ ಸಿಗುತ್ತಿದ್ದ ದೊಡ್ಡ ಪ್ರಮಾಣಪತ್ರ. ಇಂದು ಈ ಊರುಗಳ ರಸ್ತೆಬದಿಯಲ್ಲಿ ಆಸ್ಪತ್ರೆಗಳ ಬೋರ್ಡುಗಳಿಗೆ ಬರವಿಲ್ಲ. ಹೃದಯಕ್ಕೊಬ್ಬರು, ಎಲುಬಿಗೊಬ್ಬರು, ಕಿಡ್ನಿಗೊಬ್ಬರು. ಇಡೀ ಮನುಷ್ಯನಿಗೆ ಯಾರು ಎಂದು ಕೇಳಿದರೆ ಮಾತ್ರ ಜನ ಯೋಚಿಸತೊಡಗುತ್ತಾರೆ.

ಈ ಸ್ಥಿತಿ ಹೇಗೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಕನ್ನಡದಲ್ಲಿ ವೈದ್ಯಶಾಸ್ತ್ರ ಬರೆಯುವ ಪರಂಪರೆ ಹಳೆಯದು. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’ ಇದಕ್ಕೆ ಸಾಕ್ಷಿ. ಹಳ್ಳಿಯ ನಾಟಿ ವೈದ್ಯರಿಗೆ ಇಂಥ ಪುಸ್ತಕಗಳ ಅಗತ್ಯವೇನೂ ಇರಲಿಲ್ಲ. ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ವಿದ್ಯೆ ಇಳಿದು ಬರುತ್ತಿತ್ತು. ಅವರಿಗೆ ಔಷಧ ಎಷ್ಟು ಗೊತ್ತಿತ್ತೋ ಬೇರೆ ಮಾತು, ಮನೆತನಗಳು ಗೊತ್ತಿದ್ದವು.

ಇಂಗ್ಲಿಷ್ ವೈದ್ಯ ಈ ಸೀಮೆಗೆ ಬಂದದ್ದು ಹಲವು ದಾರಿಗಳಿಂದ, ಏಕೆಂದರೆ ಆಡಳಿತವೇ ಹಲವರ ಕೈಯಲ್ಲಿತ್ತು. ಜಮಖಂಡಿ, ಬನಹಟ್ಟಿಗಳು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು. ಬೀಳಗಿ ನೇರವಾಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಿಕರು ತಮ್ಮ ರಾಜಧಾನಿಗಳಲ್ಲಿ ದವಾಖಾನೆ ತೆರೆದರು. ಆದರೆ ಜನರ ಮನಸ್ಸಿನಲ್ಲಿ ನಿಂತ ಆಸ್ಪತ್ರೆ ಕೃಷ್ಣೆಯ ಆಚೆಗಿನ ಮಿರಜಿನದು. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1894ರಲ್ಲಿ ಅಲ್ಲಿ ಆಸ್ಪತ್ರೆ ಆರಂಭಿಸಿದರು. ಮುಂದೆ ವೈದ್ಯಶಾಲೆಯನ್ನೂ ತೆರೆದು ಇಲ್ಲಿಯ ಹುಡುಗರನ್ನೇ ತರಬೇತುಗೊಳಿಸಿದರು. ಮಿರಜ ಕೂಡ ಪಟವರ್ಧನರ ಸಂಸ್ಥಾನವೇ ಆಗಿದ್ದರಿಂದ ಜಮಖಂಡಿಯವರಿಗೆ ಅದು ಪರವೂರೆನಿಸಲಿಲ್ಲ. ಕುಡಚಿಗೆ ಹೋಗಿ ರೈಲು ಹತ್ತಿದರೆ ಮಿರಜ. ಇಂದಿಗೂ ಈ ಭಾಗದಲ್ಲಿ ‘ಮಿರಜಿಗೆ ಒಯ್ದಾರ’ ಎಂದರೆ ಕೇಳಿದವರ ಮುಖ ಗಂಭೀರವಾಗುತ್ತದೆ.

ಹೀಗೆ ದೊಡ್ಡ ಬೇನೆಗೆ ಮಿರಜ ಇತ್ತು. ಸಣ್ಣದಕ್ಕೆ ಊರಿನ ಡಾಕ್ಟರು. ಈ ಊರಿನ ಡಾಕ್ಟರು ಬಹುಪಾಲು ಎಂ.ಬಿ.ಬಿ.ಎಸ್. ಆಗಿರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್.ಸಿ.ಪಿ.ಎಸ್., ಎಲ್.ಎಂ.ಪಿ. ಎಂಬ ಲೈಸೆನ್ಸಿಯೇಟ್ ಪದವಿಗಳ ಕಾಲ ಅದು. ಪುಣೆಯ ಬಿ.ಜೆ. ವೈದ್ಯಶಾಲೆಯಂಥ ಕಡೆ ಪದವಿಗಿಂತ ಕಡಿಮೆ ಅವಧಿಯಲ್ಲಿ, ಕಡಿಮೆ ಖರ್ಚಿನಲ್ಲಿ ಕಲಿತು ಸಣ್ಣ ಊರುಗಳಲ್ಲಿ ನೆಲೆಯೂರಿದವರು ಇವರು. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯ ಲೆಕ್ಕದಂತೆ ದೇಶದಲ್ಲಿ ಪದವೀಧರ ವೈದ್ಯರು 17,654 ಮಂದಿ ಇದ್ದರೆ ಲೈಸೆನ್ಸಿಯೇಟರು 29,870 ಮಂದಿ. ದೇಶಕ್ಕೆ ಒಂದೇ ದರ್ಜೆಯ, ಪೂರ್ಣ ತರಬೇತಿ ಪಡೆದ ವೈದ್ಯ ಬೇಕೆಂದು ಸಮಿತಿ ಶಿಫಾರಸು ಮಾಡಿತು. ಬಿ.ಜೆ. ವೈದ್ಯಶಾಲೆ ಅದೇ ವರ್ಷ ಕಾಲೇಜಾಯಿತು. ಕೆಳದರ್ಜೆಯ ಶಿಕ್ಷಣ ನಿಂತಿತು. ಉದ್ದೇಶ ಒಳ್ಳೆಯದೇ. ಬಡವನಿಗೆ ಅರ್ಧ ಕಲಿತ ಡಾಕ್ಟರು, ಸಿರಿವಂತನಿಗೆ ಪೂರ್ತಿ ಕಲಿತ ಡಾಕ್ಟರು ಎಂಬ ಭೇದವನ್ನು ಯಾರು ತಾನೇ ಸಮರ್ಥಿಸಿಯಾರು? ಆದರೆ ಪೂರ್ತಿ ಕಲಿತವರು ಸಣ್ಣ ಊರಿಗೆ ಬರುವಲ್ಲಿ ಹಿಂದೆಮುಂದೆ ನೋಡಿದರು. ಹಳಬರು ವಯಸ್ಸಾಗಿ ಒಬ್ಬೊಬ್ಬರಾಗಿ ದವಾಖಾನೆ ಮುಚ್ಚಿದರು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರಲ್ಲಿ ನಾಲ್ಕೂ ಊರು ಮೈಸೂರು ರಾಜ್ಯಕ್ಕೆ ಬಂದವು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ, ಬಿಜಾಪುರದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜುಗಳಾದವು. ಬಾಗಲಕೋಟೆ 1997ರಲ್ಲಿ ಜಿಲ್ಲೆಯಾಗಿ, ಕೆಲವೇ ವರ್ಷಗಳಲ್ಲಿ ಅಲ್ಲಿಯೂ ಕಾಲೇಜು ತೆರೆಯಿತು. ಡಾಕ್ಟರುಗಳ ಸಂಖ್ಯೆ ಹೆಚ್ಚಿತು, ನಿಜ. ಆದರೆ ಕಲಿತವರು ತಜ್ಞರಾಗಲು ಬಯಸಿದರು. ಓಣಿಯ ಡಾಕ್ಟರ ಜಾಗವನ್ನು ಬಹಳ ಕಡೆ ಆಯುರ್ವೇದ, ಹೋಮಿಯೋಪಥಿ ಓದಿದವರು ತುಂಬಿದರು. ಬೀಳಗಿ ತಾಲ್ಲೂಕಿನದು ಇನ್ನೊಂದು ಕಥೆ. ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳು ಸಿಕ್ಕಿ, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಊರು ಎದ್ದು ಹೋದಾಗ ಪರಿಹಾರಕ್ಕೆ ಮನೆ, ಹೊಲ, ಗಿಡಮರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಂಥ ಮನೆಯವರಿಗೆ ಇಂಥ ಡಾಕ್ಟರು ಎಂಬ ಸಂಬಂಧ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಹಳೆಯ ಮನೆವೈದ್ಯರ ಕಾಲದಲ್ಲಿ ಜನ ಸಾಯುತ್ತಿದ್ದುದು ಪ್ಲೇಗು, ಕಾಲರಾ, ಮಲೇರಿಯಾ, ಕ್ಷಯಗಳಿಂದ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸು ಇತ್ತು. ಈಗ ಸುಮಾರು 70. ಹಾಗೆಂದು ಆಗ ನಲವತ್ತು ದಾಟಿದವರೇ ಇರಲಿಲ್ಲವೆಂದಲ್ಲ. ಮಕ್ಕಳ ಸಾವು ಸರಾಸರಿಯನ್ನು ಕೆಳಗೆಳೆಯುತ್ತಿತ್ತು. ಆದರೂ ಐವತ್ತರ ವಯಸ್ಸಿನಲ್ಲಿ ಬಿಪಿ, ಶುಗರ್ ಇಟ್ಟುಕೊಂಡು ಇಪ್ಪತ್ತು ಮೂವತ್ತು ವರ್ಷ ಬಾಳುವ ರೋಗಿ ನಮ್ಮ ಊರುಗಳಿಗೆ ಹೊಸಬ. ಅಂದಿನ ಡಾಕ್ಟರ ಬಳಿ ಇವನಿಗೆ ಕೊಡಲು ಹೆಚ್ಚೇನೂ ಇರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ; ಆದರೆ ದಿನಾ ನುಂಗಿ ಸುಖವಾಗಿರಬಹುದಾದ ಬಿಪಿ ಮಾತ್ರೆ ಬಂದದ್ದು 1950ರ ದಶಕದ ಕೊನೆಗೆ. ಅಂದರೆ ಸಮಯವಿದ್ದ ಡಾಕ್ಟರ ಬಳಿ ಮಾತ್ರೆ ಇರಲಿಲ್ಲ. ಮಾತ್ರೆ ಬಂದಾಗ ಆ ಡಾಕ್ಟರು ಇರಲಿಲ್ಲ. ವರ್ಷಗಟ್ಟಲೆ ಒಬ್ಬನೇ ನೋಡಬೇಕಾದ ರೋಗ ಬರುವ ಹೊತ್ತಿಗೆ, ವರ್ಷಗಟ್ಟಲೆ ನೋಡುವವನು ಊರಿನಿಂದ ಮರೆಯಾಗಿದ್ದ.

ರೋಗದ ಪ್ರಮಾಣವೇನು ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಸಕ್ಕರೆ ಕಾಯಿಲೆ, ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಇರುವುದು ತಿಳಿಯಿತು.

ಇಂಥ ರೋಗಗಳ ಬಗ್ಗೆ ಜಗತ್ತಿಗೆ ಪಾಠ ಹೇಳಿದ್ದೂ ಒಂದು ಸಣ್ಣ ಊರೇ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬಲ್ಲಿ 1948ರಿಂದ 5,209 ಜನರನ್ನು ಎರಡು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುತ್ತ ಹೋದರು. ಯಾವ ರೋಗವನ್ನೂ ಹೇಳಿಕೊಳ್ಳದ ಜನರ ರಕ್ತದೊತ್ತಡ, ಕೊಬ್ಬು, ಸಿಗರೇಟುಗಳ ದಾಖಲೆಯಿಂದಲೇ ಹೃದಯಾಘಾತದ ಮುನ್ಸೂಚನೆ ಸಿಕ್ಕಿತು. ಅಲ್ಲಿ ಕೆಲಸ ಮಾಡಿದ್ದು ಅದೇ ಜನ, ಅದೇ ಕಡತ, ಮತ್ತೆ ಮತ್ತೆ ಭೇಟಿ. ನಾರ್ವೆಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬರೇ ಡಾಕ್ಟರನ್ನು 15 ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡವರಲ್ಲಿ ಸಾವಿನ ಪ್ರಮಾಣ, ಒಂದು ವರ್ಷವಷ್ಟೇ ಇಟ್ಟುಕೊಂಡವರಿಗಿಂತ ಸುಮಾರು ಶೇ 25ರಷ್ಟು ಕಡಿಮೆ ಕಂಡಿತು. ಡಾಕ್ಟರಿಂದಲೇ ಆಯುಸ್ಸು ಹೆಚ್ಚಿತೆಂದು ಇದರಿಂದ ಖಚಿತವಾಗಿ ಹೇಳಲಾಗದು. ಆದರೂ ನಮ್ಮ ಅಜ್ಜಂದಿರು ಕೈಗುಣ ಎಂದದ್ದು ಬಹುಶಃ ಇದನ್ನೇ ಇರಬೇಕು. ಗುಣ ಕೈಯಲ್ಲಿರಲಿಲ್ಲ, ನೆನಪಿನಲ್ಲಿತ್ತು. ನಿನ್ನಪ್ಪನಿಗೆ ಏನಾಗಿತ್ತು, ನಿನಗೆ ಯಾವ ಗುಳಿಗೆ ಒಗ್ಗುವುದಿಲ್ಲ, ನೀನು ಸುಗ್ಗಿಯವರೆಗೆ ದುಡ್ಡು ಕೊಡಲಾರೆ ಎಂಬುದೆಲ್ಲ ಆ ಡಾಕ್ಟರಿಗೆ ಗೊತ್ತಿತ್ತು.

ಇದು ನನಗೆ ಅರ್ಥವಾದದ್ದು ಮನೆಯಲ್ಲೇ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯ ಕಾಲಿನ ಗಾಯ ಮಾಯದೆ ತಿಂಗಳುಗಟ್ಟಲೆ ಉಳಿಯಿತು. ಮೂರು ಕಡೆ ತೋರಿಸಿದರು. ಮೂರೂ ಕಡೆ ಸೂಜಿ ಮಾಡಿಸಿಕೊಂಡು, ಮುಲಾಮು ತಂದರು. ನಾಲ್ಕನೆಯವರು ಪೇಟೆಯ ಒಬ್ಬ ಡಾಕ್ಟರಮ್ಮ. ಅವರು ಗಾಯ ನೋಡುವ ಮೊದಲು ‘ನಿಮ್ಮ ತಂದಿಗೆ ಏನಾಗಿತ್ತರೀ?’ ಎಂದು ಕೇಳಿದರು. ತಂದೆಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಜ್ಜಿಯನ್ನು ಕೇಳಿದಾಗ ಆಕೆ, ‘ನಿಮ್ಮಪ್ಪಗೂ ಕಾಲಾಗಿನ ಗಾಯ ಮಾಯಲಿಲ್ಲ. ಮೂತ್ರಕ್ಕ ಇರಬಿ ಮುತ್ತತಿದ್ವು. ನನ್ನ ಯಾರ ಕೇಳ್ಯಾರ?’ ಎಂದಳು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಬಹಳ ಮೇಲಿತ್ತು. ಒಂದು ಬೆರಳು ಹೋಯಿತು, ಕಾಲು ಉಳಿಯಿತು.

ಹಾಗಾದರೆ ನಲವತ್ತು ದಾಟಿದವರು ತಮಗೆ ಹೊಂದುವ ಡಾಕ್ಟರನ್ನು ಹುಡುಕುವುದು ಹೇಗೆ? ಮೊದಲನೆಯದಾಗಿ, ಆರಾಮಿದ್ದಾಗಲೇ ಹೋಗಬೇಕು. ಜ್ವರದಲ್ಲಿ ನಡುಗುತ್ತ ಹೋದವನಿಗೆ ಆಯ್ಕೆ ಮಾಡುವ ವ್ಯವಧಾನವಿರುವುದಿಲ್ಲ. ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಿ, ಚೀಟಿಯ ಮೇಲೂ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಅದನ್ನು ನೋಡುವುದರಲ್ಲಿ ಸಂಕೋಚವೇಕೆ? ಅವರು ಓದಿದ ಪದ್ಧತಿ ಯಾವುದು, ಬರೆಯುವ ಔಷಧ ಯಾವುದು ಎಂಬುದನ್ನೂ ಕೇಳಿ ತಿಳಿಯಬಹುದು.

ಡಾಕ್ಟರು ಬಿಪಿ ನೋಡಿ ಅಂಕಿಯನ್ನು ಬಾಯಲ್ಲಿ ಹೇಳಿ ಬಿಡುತ್ತಾರೋ, ಬರೆದುಕೊಡುತ್ತಾರೋ ಗಮನಿಸಿ. ಇದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಲು ಹೇಳುತ್ತದೆ. ಹೊರರೋಗಿಯಾಗಿ ಬಂದು ಹೋಗುವ ಬಿಪಿ, ಶುಗರ್‌ನವರ ಲೆಕ್ಕ ಹೆಚ್ಚಾಗಿ ಅವರವರ ಕ್ಯಾರಿಬ್ಯಾಗಿನಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ನೋಟುಬುಕ್ಕು ಇಟ್ಟು, ಪ್ರತಿ ಭೇಟಿಗೂ ಅದರಲ್ಲೇ ಬರೆಸುವುದು ಮೇಲು. ಬರೆಯಲು ಬೇಸರಿಸದ ಡಾಕ್ಟರು ಸಿಕ್ಕರೆ ಅರ್ಧ ಹುಡುಕಾಟ ಮುಗಿದಂತೆ.

ಇನ್ನು ನಮ್ಮದೇ ಒಂದು ದೋಷವಿದೆ. ಸೂಜಿ ಮಾಡದ ಡಾಕ್ಟರು, ಸಲಾಯಿನ್ ಹಚ್ಚದ ಡಾಕ್ಟರು ನಮಗೆ ಡಾಕ್ಟರೇ ಅಲ್ಲ. ಸುಸ್ತೆಂದು ಹೋದವನಿಗೆ ಬಾಟಲಿ ಏರಿಸಿದರೆ ಎರಡು ದಿನ ಸಮಾಧಾನ. ಸುಸ್ತಿನ ಮೂಲ ಸಕ್ಕರೆಯೋ ರಕ್ತಹೀನತೆಯೋ ತಿಳಿಯದೆ ಹಾಗೇ ಉಳಿಯುತ್ತದೆ. ‘ಈಗ ಸೂಜಿ ಬ್ಯಾಡ್ರಿ’ ಎಂದು ಹೇಳಿ ಗಿರಾಕಿ ಕಳೆದುಕೊಳ್ಳುವ ಧೈರ್ಯವಿರುವವರೇ ನಡುವಯಸ್ಸಿನವರಿಗೆ ತಕ್ಕ ಡಾಕ್ಟರು ಎಂದು ನನ್ನ ಅಭಿಪ್ರಾಯ. ಬೆಳಗಾವಿಗೋ ಮಿರಜಿಗೋ ಕಳಿಸಬೇಕಾದಾಗ ತಡಮಾಡದೆ ಕಳಿಸಿ, ಅಲ್ಲಿಂದ ಬಂದ ಕಾಗದಗಳನ್ನು ಕೂತು ಓದುವವರಾದರೆ ಇನ್ನೂ ಒಳ್ಳೆಯದು. ವಯಸ್ಸನ್ನೂ ನೋಡಿ. ನಿಮಗಿಂತ ಹತ್ತು ವರ್ಷ ಚಿಕ್ಕವರಿದ್ದರೆ ಲೇಸು, ನಿಮಗೆ ಎಪ್ಪತ್ತಾದಾಗ ದವಾಖಾನೆ ತೆರೆದಿರುತ್ತದೆ!

ಹೆಂಗಸರ ಕಷ್ಟ ಬೇರೆ. ಈ ಊರುಗಳಲ್ಲಿ ತಾಯಂದಿರು ದವಾಖಾನೆಗೆ ಹೋಗುವುದು ಮಕ್ಕಳನ್ನು ಎತ್ತಿಕೊಂಡು, ಇಲ್ಲವೇ ಮುದುಕರ ಕೈಹಿಡಿದು. ಹೆರಿಗೆಗಳು ಮುಗಿದ ಮೇಲೆ ತಮಗಾಗಿ ಹೋಗುವುದೇ ಇಲ್ಲ. ಮುಟ್ಟು ನಿಲ್ಲುವ ಕಾಲದ ತೊಂದರೆಗಳನ್ನು ‘ನನಗೇನಾಗೈತಿ’ ಎಂದು ನುಂಗಿಕೊಳ್ಳುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆಯ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಗಂಡನ ಬಿಪಿ ತೋರಿಸಲು ಹೋದ ದಿನವೇ ಹೆಂಡತಿಯೂ ತೋಳು ಚಾಚಿದರೆ ಎರಡು ನಿಮಿಷದ ಕೆಲಸ.

ನಮ್ಮ ತಂದೆ ಈಗ ಮೂರು ತಿಂಗಳಿಗೊಮ್ಮೆ ಅದೇ ಡಾಕ್ಟರಮ್ಮನ ಬಳಿ ಹೋಗುತ್ತಾರೆ. ಎರಡು ನೂರು ಪುಟದ ನೋಟುಬುಕ್ಕಿನ ಮೊದಲ ಪುಟದಲ್ಲಿ ಅಜ್ಜನ ಕಾಲಿನ ವಿಷಯ ಬರೆದಿದೆ. ಸಂತೆಯ ದಿನ ಮಾತ್ರ ಹೋಗುವುದಿಲ್ಲ. ಅಂದು ಹಳ್ಳಿಯವರ ಗದ್ದಲವಿರುತ್ತದೆ, ಮಾತಾಡಲು ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ ಎನ್ನುತ್ತಾರೆ.