ಕೈಗೆಲಸವೂ ಬಾಲಶಿಕ್ಷಣವೂ: ವರ್ಧಾ ಯೋಜನೆಯ ಚರಿತ್ರೆ

ಅಕ್ಷರಜ್ಞಾನವೇ ವಿದ್ಯೆಯೆಂದೂ ಕೈಗೆಲಸವು ಅದಕ್ಕಿಂತ ಕೆಳಗಿನದೆಂದೂ ತಿಳಿಯುವದು ನಮ್ಮ ದೇಶದಲ್ಲಿ ಬಹುಕಾಲದಿಂದ ಬೇರೂರಿದ ಭಾವನೆಯಾಗಿರುತ್ತದೆ. ನುಲಿಯ ಚಂದಯ್ಯನ ಹಗ್ಗವನ್ನೂ ಮೇದಾರ ಕೇತಯ್ಯನ ಬುಟ್ಟಿಯನ್ನೂ ಪೂಜ್ಯವೆಂದು ಬಗೆದ ಶರಣಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿಯೂ, ಶಾಲೆಯಿಂದ ಬಂದ ಮಗುವನ್ನು ಏನು ಓದಿದೆಯೆಂದು ಕೇಳುವ ರೂಢಿಯುಂಟೇ ಹೊರತು ಏನು ಮಾಡಿದೆಯೆಂದು ಕೇಳುವ ರೂಢಿಯಿಲ್ಲ. ಆದಕಾರಣ, ಕೈಗೆಲಸದ ಮೂಲಕವೇ ಎಳೆಯ ಮಕ್ಕಳಿಗೆ ವಿದ್ಯೆಯನ್ನು ಕಲಿಸಬೇಕೆಂದು ಈ ದೇಶದಲ್ಲಿ ನಡೆದ ಒಂದು ದೊಡ್ಡ ಪ್ರಯತ್ನದ ಚರಿತ್ರೆಯನ್ನು ಭಕ್ತಮಹಾಶಯರ ಮುಂದೆ ಸಂಗ್ರಹವಾಗಿ ನಿರೂಪಿಸುವೆನು.

ಪಾಶ್ಚಾತ್ಯ ದೇಶಗಳಲ್ಲಿ ಈ ವಿಚಾರವು ಮೊದಲೇ ಹುಟ್ಟಿತ್ತು. ಫಿನ್‌ಲೆಂಡಿನಲ್ಲಿ ಉನೋ ಸಿಗ್ನೇಯುಸ್ ಎಂಬವರ ಪ್ರಯತ್ನದಿಂದ 1866ರಲ್ಲಿಯೇ ಜನಸಾಮಾನ್ಯರ ಶಾಲೆಗಳ ಪಾಠಕ್ರಮದಲ್ಲಿ ಕೈಗೆಲಸಕ್ಕೆ ಸ್ಥಾನವು ದೊರೆಯಿತು. ಆದರೆ ಅಲ್ಲಿ ಅದು ಹಲವು ವಿಷಯಗಳಲ್ಲಿ ಒಂದಾಗಿತ್ತು. ಗಾಂಧೀಜಿಯವರಾದರೋ ಅದನ್ನೇ ಶಿಕ್ಷಣದ ನಡುಗಂಬವನ್ನಾಗಿ ಮಾಡಲೆಳಸಿದರು.

ವರ್ಧಾ ಪಟ್ಟಣದ ಮಾರವಾಡಿ ಶಿಕ್ಷಣ ಮಂಡಲದ ರಜತೋತ್ಸವದ ನಿಮಿತ್ತವಾಗಿ 1937ನೆಯ ಅಕ್ಟೋಬರ 22 ಮತ್ತು 23ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣತಜ್ಞರ ಪರಿಷತ್ತು ಕೂಡಿತು. ಅಲ್ಲಿ ನೇಮಕವಾದ ಡಾಕ್ಟರ ಜಾಕೀರ ಹುಸೇನರ ಸಮಿತಿಯು ಅದೇ ಡಿಸೆಂಬರದಲ್ಲಿ ವರದಿಯನ್ನೊಪ್ಪಿಸಿತು. ಏಳರಿಂದ ಹದಿನಾಲ್ಕು ವಯಸ್ಸಿನವರೆಗೆ ಮಾತೃಭಾಷೆಯಲ್ಲಿ ಶಿಕ್ಷಣ. ದಿನದ 5 ಗಂಟೆ 30 ನಿಮಿಷಗಳಲ್ಲಿ 3 ಗಂಟೆ 20 ನಿಮಿಷಗಳು ಮೂಲೋದ್ಯೋಗಕ್ಕೆ. ಉಳಿದ ವೇಳೆಯು ಭಾಷೆ, ಗಣಿತ, ಸಂಗೀತ, ಚಿತ್ರಕಲೆ, ಸಮಾಜವಿಷಯ, ವಿಜ್ಞಾನ ಮುಂತಾದವುಗಳಿಗೆ ಎಂದು ಅದರಲ್ಲಿ ವಿಧಿಸಲಾಗಿತ್ತು. ಚಿತ್ರಕಲೆಯು ಕೇವಲ ಅಲಂಕಾರಕ್ಕಾಗಿರಲಿಲ್ಲ. ತಾನು ಮಾಡಬೇಕಾದ ವಸ್ತುವಿನ ಆಕಾರವನ್ನು ಮಗುವು ಮೊದಲು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದುಕೊಳ್ಳಬೇಕೆಂಬ ಉದ್ದೇಶವೂ ಅದರಲ್ಲಿತ್ತು. 1938ನೆಯ ಫೆಬ್ರುವರಿಯಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನವು ಈ ತತ್ತ್ವವನ್ನು ಅಂಗೀಕರಿಸಿತು.

ಈ ಪದ್ಧತಿಯ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಬಾಲಕನು ತಕಲಿಯಿಂದ ನೂಲುತ್ತಾನೆ. ನೂಲನ್ನು ನಾಲ್ಕು ಅಡಿಯ ಸುತ್ತಳತೆಯ ಚೌಕಟ್ಟಿಗೆ ಸುತ್ತಿದರೆ 640 ಸುತ್ತುಗಳಿಗೆ ಒಂದು ಲಡಿ. ಸುತ್ತುಗಳನ್ನೆಣಿಸುವಾಗ ಸಂಖ್ಯೆಯು ಬಂದಿತು. ಉದ್ದವನ್ನು ತಿಳಿಯುವಾಗ ಗುಣಾಕಾರವು ಬಂದಿತು. ಲಡಿಯನ್ನು ತೂಗಿ ನೂಲಿನ ನಯವನ್ನು ಗೊತ್ತುಮಾಡುವಾಗ ಭಾಗಾಕಾರವು ಬಂದಿತು. ಹತ್ತಿಯು ಯಾವ ನೆಲದಲ್ಲಿ ಬೆಳೆಯುವದೆಂಬ ಪ್ರಶ್ನೆಯಿಂದ ಭೂಗೋಳವು ತಾನಾಗಿ ಮೊದಲಾಗುವದು. ಕೈಯು ಕೇಳಿದ ಪ್ರಶ್ನೆಗೆ ಬುದ್ಧಿಯು ಉತ್ತರವನ್ನು ಹುಡುಕುವದೇ ಇಲ್ಲಿಯ ರಹಸ್ಯವು.

ಅಡಿಗೆಯ ವಿಷಯದಲ್ಲಿ ವರದಿಯು ಇಷ್ಟು ದೂರ ಹೋಗಲಿಲ್ಲ. ಗೃಹಶಾಸ್ತ್ರವನ್ನು ಬಾಲಿಕೆಯರಿಗೆ ಮಾತ್ರ ವಿಧಿಸಿತು. ಆದರೆ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ನಡೆಸಿದ ಸೇವಾಗ್ರಾಮದ ಶಾಲೆಯಲ್ಲಿ ಬಾಲಕರೂ ಬಾಲಿಕೆಯರೂ ಅಡಿಗೆಮನೆಯ ಕೆಲಸದಲ್ಲಿ ಪಾಲುಗೊಂಡರು. ಇಷ್ಟು ಜನರಿಗೆ ಎಷ್ಟು ಜೋಳ, ಎಷ್ಟು ಬೇಳೆ, ಅದರ ಬೆಲೆಯೆಷ್ಟು, ದೇಹಕ್ಕೆ ಅದರಿಂದಾಗುವ ಪುಷ್ಟಿ ಯಾವದು ಎಂಬ ವಿಚಾರಗಳೆಲ್ಲ ಒಲೆಯ ಮುಂದೆಯೇ ಪಾಠಗಳಾಗಬಲ್ಲವು. ಮೇಲಾಗಿ, ತಾನು ಬೇಯಿಸಿದ್ದನ್ನು ಹತ್ತು ಜನರಿಗೆ ಬಡಿಸಿ ಆಮೇಲೆ ಉಣ್ಣುವ ಮಗುವಿಗೆ ದಾಸೋಹದ ಅರ್ಥವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಆದರೂ ಈ ಯೋಜನೆಯ ಹೃದಯದಲ್ಲಿಯೇ ಒಂದು ವಿವಾದವು ಅಡಗಿತ್ತು. ಮಕ್ಕಳ ಉತ್ಪನ್ನದಿಂದಲೇ ಶಿಕ್ಷಕರ ವೇತನವು ಹುಟ್ಟಬೇಕೆಂಬುದು ಗಾಂಧೀಜಿಯವರ ಆಶೆಯಾಗಿತ್ತು. ಬಡದೇಶದಲ್ಲಿ ಪ್ರತಿಯೊಂದು ಹಳ್ಳಿಗೂ ಶಾಲೆಯನ್ನು ಕೊಡಲು ಅವರಿಗೆ ಬೇರೆ ದಾರಿಯು ಕಾಣಲಿಲ್ಲ. ಪ್ರೊಫೆಸರ ಕೆ. ಟಿ. ಶಹಾ ಅವರು ಪರಿಷತ್ತಿನಲ್ಲಿಯೇ ಇದನ್ನು ಆಕ್ಷೇಪಿಸಿದರು. ಶಿಕ್ಷಕನು ಆದಾಯದ ಮೇಲೆ ಕಣ್ಣಿಟ್ಟು ಮಕ್ಕಳಿಂದ ಬರಿಯ ದುಡಿಮೆಯನ್ನು ಮಾಡಿಸಿಯಾನೆಂಬ ಭಯವನ್ನು ಸಮಿತಿಯ ವರದಿಯೂ ಮುಚ್ಚಿಡಲಿಲ್ಲ. ಈ ಎಚ್ಚರಿಕೆಯು ಸಾರ್ಥಕವಾದುದು. ಮಗುವಿನ ಕೈಗೆ ತಕಲಿಯನ್ನು ಕೊಟ್ಟು ಅದರ ಮನಸ್ಸಿಗೆ ಪ್ರಶ್ನೆಯನ್ನು ಕೊಡದಿದ್ದರೆ ಅದು ಕೂಲಿಯೇ ಹೊರತು ಕಲಿಕೆಯಲ್ಲ.

ಮುಂದೆ ಆದುದೂ ಇದಕ್ಕೆ ಸಾಕ್ಷಿಯಾಗಿರುತ್ತದೆ. ಸ್ವಾತಂತ್ರ್ಯಾನಂತರ ಮೂಲಶಿಕ್ಷಣದ ಹೆಸರು ಬಹು ಶಾಲೆಗಳಿಗೆ ಹಬ್ಬಿತು. ತರಬೇತಾದ ಗುರುಗಳು ಮಾತ್ರ ಅಷ್ಟು ದೊರೆಯಲಿಲ್ಲ. ಎಷ್ಟೋ ಕಡೆಗಳಲ್ಲಿ ನೂಲುವಿಕೆಯು ಗಣಿತದಿಂದಲೂ ಭೂಗೋಳದಿಂದಲೂ ಅಗಲಿ, ಗಂಟೆ ಬಾರಿಸಿದೊಡನೆ ಮುಗಿಯುವ ಶುಷ್ಕ ವಿಧಿಯಾಯಿತು. ಉಳ್ಳವರು ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳಿಸಿದರು. 1964ರಿಂದ 1966ರ ವರೆಗೆ ನಡೆದ ಕೊಠಾರಿ ಆಯೋಗವು 'ಕಾರ್ಯಾನುಭವ'ವೆಂಬ ಹೆಸರಿನಿಂದಲೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪುಸ್ತಕದ ಚೀಲವಿಲ್ಲದ ದಿನಗಳೆಂಬ ರೂಪದಿಂದಲೂ ಕೈಗೆಲಸವನ್ನು ಶಾಲೆಗೆ ಮರಳಿ ಕರೆದಿರುವವು. ಹೆಸರುಗಳು ಬದಲಾದವು, ಪ್ರಶ್ನೆಯು ಹಾಗೆಯೇ ಉಳಿದಿರುವದು.

ಸಾರಾಂಶವಿಷ್ಟೆ. ತತ್ತ್ವವು ಸೋಲಲಿಲ್ಲ, ಅದನ್ನು ನಡೆಯಿಸತಕ್ಕ ಗುರುವನ್ನು ಸಿದ್ಧಗೊಳಿಸುವದರಲ್ಲಿಯೂ, ದುಡಿಯುವ ಕೈಯನ್ನು ಗೌರವಿಸುವದರಲ್ಲಿಯೂ ಸಮಾಜವು ಹಿಂದೆಬಿದ್ದಿತು. ಮಠಗಳ ಆಶ್ರಯದಲ್ಲಿ ಪಾಠಶಾಲೆ, ಪ್ರಸಾದನಿಲಯ, ಹೂದೋಟ, ಗೋಶಾಲೆಗಳು ಒಂದೇ ಆವರಣದಲ್ಲಿರುವಲ್ಲಿ ಇಂಥ ಶಿಕ್ಷಣಕ್ಕೆ ಬೇಕಾದ ಸಾಧನಗಳೆಲ್ಲ ಸಿದ್ಧವಾಗಿಯೇ ಇರುವವು. ರೊಟ್ಟಿ ತಟ್ಟುವ ಕೈಯನ್ನು ಕಂಡು ನಾಚದಂತೆ ನಮ್ಮ ಮಕ್ಕಳನ್ನು ಬೆಳೆಯಿಸಿದರೆ ಕಾಯಕವೆಂಬ ಮಾತು ನಮ್ಮ ಬಾಯಲ್ಲಿ ಶೋಭಿಸುವದು.