ಆರು ತಿಂಗಳ ಸೆರೆವಾಸ: ಕಡಲು ದಾಟಿದ ನಾಯಿಮರಿಗಳ ಕಥೆ

ದೂರದೇಶದಿಂದ ಒಳ್ಳೆಯ ತಳಿಯ ನಾಯಿಯನ್ನು ತರಿಸಿಕೊಳ್ಳುವುದು ಇಂದು ನಿನ್ನೆಯ ಹವ್ಯಾಸವಲ್ಲ. ಬ್ಯಾಬಿಲೋನನ್ನು ಆಳುತ್ತಿದ್ದ ಪರ್ಷಿಯನ್ ಮಾಂಡಲಿಕನೊಬ್ಬ ಭಾರತದ ಬೇಟೆನಾಯಿಗಳನ್ನು ಸಾಕಿದ್ದನೆಂದೂ, ಅವುಗಳ ಆಹಾರ ಒದಗಿಸುವ ಹೊಣೆಯನ್ನು ನಾಲ್ಕು ದೊಡ್ಡ ಹಳ್ಳಿಗಳಿಗೆ ವಹಿಸಿ ಅವುಗಳ ಬೇರೆ ಕಂದಾಯವನ್ನೆಲ್ಲ ಮಾಫಿ ಮಾಡಿದ್ದನೆಂದೂ ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಪೀಕಿಂಗಿನ ಬೇಸಿಗೆ ಅರಮನೆಯನ್ನು ಸೂರೆಗೊಂಡಾಗ ಸಿಕ್ಕಿದ ಪುಟ್ಟ ಪೀಕಿಂಗೀಸ್ ನಾಯಿಯೊಂದು ಹಡಗೇರಿ ವಿಕ್ಟೋರಿಯಾ ರಾಣಿಯ ಅರಮನೆ ಸೇರಿತು. ಅದಕ್ಕೆ ಇಟ್ಟ ಹೆಸರು 'ಲೂಟಿ'. ಹಿಂದುಸ್ತಾನಿಯಿಂದ ಇಂಗ್ಲಿಷಿಗೆ ಹೋದ 'ಲೂಟ್' ಎಂಬ ಪದ ಹೀಗೆ ಒಂದು ನಾಯಿಯ ಹೆಸರೂ ಆಯಿತು.

ಲೂಟಿ ಇಂಗ್ಲೆಂಡಿನಲ್ಲಿ ಇಳಿದಾಗ ಅದರ ಬಳಿ ಯಾವ ಕಾಗದಪತ್ರವೂ ಇರಲಿಲ್ಲ. ಅಂಥದೊಂದು ಬೇಕೆಂಬ ಕಾನೂನೂ ಇರಲಿಲ್ಲ. ಇಂದು ಅದೇ ದೇಶಕ್ಕೆ ಒಂದು ನಾಯಿಮರಿ ಹೋಗಬೇಕಾದರೆ ಚರ್ಮದಡಿಯಲ್ಲಿ ಗುರುತಿನ ಚಿಪ್ಪು ಇರಬೇಕು, ಲಸಿಕೆಯ ದಾಖಲೆ ಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಕೆಲವು ದೇಶಗಳಿಂದ ಹೋಗುವ ಮರಿಗಳಿಗೆ ರಕ್ತಪರೀಕ್ಷೆಯೂ ಆಗಬೇಕು. ಈ ಎರಡು ಸ್ಥಿತಿಗಳ ನಡುವೆ ಒಂದು ಭಯಂಕರ ರೋಗದ, ಅದನ್ನು ಹೊರಗಿಡಲು ಒಂದು ದ್ವೀಪರಾಷ್ಟ್ರ ಕಟ್ಟಿದ ಗೋಡೆಯ ಇತಿಹಾಸವಿದೆ.

ಏಳು ತಿಂಗಳ ಸಲಹೆ

ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ರೋಗಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ಕಡಿತದ ಜಾಗದಿಂದ ವೈರಸ್ಸು ನರಗಳ ಗುಂಟ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಈ ಪಯಣಕ್ಕೆ ಕೆಲವು ವಾರಗಳು ಹಿಡಿಯಬಹುದು, ಹಲವು ತಿಂಗಳುಗಳೂ ಹಿಡಿಯಬಹುದು. ಅಲ್ಲಿಯವರೆಗೆ ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಬಂದರಿನಲ್ಲಿ ಇಳಿದ ನಾಯಿಯನ್ನು ಒಂದು ದಿನ ಪರೀಕ್ಷಿಸಿ 'ಇದಕ್ಕೆ ರೋಗವಿಲ್ಲ' ಎಂದು ಹೇಳುವುದು ಯಾವ ವೈದ್ಯನಿಗೂ ಸಾಧ್ಯವಿರಲಿಲ್ಲ. ಕಾದು ನೋಡುವುದೊಂದೇ ದಾರಿ.

ಈ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಲಂಡನ್ನಿನ ಪಶುವೈದ್ಯ ವಿಲಿಯಂ ಯೂಯಟ್ ಒಬ್ಬ. ರೋಗ ಜೊಲ್ಲಿನ ಮೂಲಕ ಹರಡುತ್ತದೆ ಎಂಬುದನ್ನು ಜರ್ಮನಿಯ ಜಿಂಕೆ ಎಂಬ ವೈದ್ಯ 1804ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದ. ಹೊಲಸು, ಬಿಸಿಲು, ಬಾಯಾರಿಕೆಗಳಿಂದ ನಾಯಿಗೆ ತಾನಾಗಿಯೇ ಹುಚ್ಚು ಹಿಡಿಯುತ್ತದೆ ಎಂದು ಆ ಕಾಲದ ಬಹುಮಂದಿ ನಂಬಿದ್ದರೂ ಯೂಯಟ್ ಅದನ್ನು ಒಪ್ಪಲಿಲ್ಲ. ದೇಶದ ಪ್ರತಿಯೊಂದು ನಾಯಿಯನ್ನೂ ಏಳು ತಿಂಗಳ ಕಾಲ ಬೇರೆಬೇರೆಯಾಗಿ ಕೂಡಿಹಾಕಿ, ಹೊರಗಿನಿಂದ ಒಂದು ನಾಯಿಯನ್ನೂ ಒಳಗೆ ಬಿಡದಿದ್ದರೆ ರೋಗ ನಿರ್ನಾಮವಾಗುತ್ತದೆ ಎಂಬುದು ಅವನ ವಾದ. 1830ರ ದಶಕದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಆದರೆ ಲೆಕ್ಕ ಸರಿಯಾಗಿತ್ತು.

1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಡಿದಿದ್ದ ಜೋಸೆಫ್ ಮೀಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ಕಡಿಸಿಕೊಂಡವರಿಗೆ ಅದು ದೊಡ್ಡ ಭರವಸೆ. ಆದರೆ ಬೀದಿಯ ನಾಯಿಗಳಲ್ಲಿ ರೋಗ ಹಾಗೆಯೇ ಉಳಿಯಿತು.

ಬಾಯಿಕುಕ್ಕೆಯ ಮಂತ್ರಿ

ಬ್ರಿಟನ್ ಹಿಡಿದ ದಾರಿ ಬೇರೆ. 1895ರಲ್ಲಿ ಕೃಷಿ ಮಂಡಳಿಯ ಅಧ್ಯಕ್ಷನಾದ ವಾಲ್ಟರ್ ಲಾಂಗ್ ಎಂಬ ಮಂತ್ರಿ 1897ರಿಂದ ಎರಡು ಕಡೆಯಿಂದ ರೋಗವನ್ನು ಮುತ್ತಿದ. ಒಂದು, ರೋಗವಿದ್ದ ಜಿಲ್ಲೆಗಳಲ್ಲಿ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟುವುದು ಕಡ್ಡಾಯ. ಕಣದಲ್ಲಿ ತುಳಿಯುವ ಎತ್ತು ತೆನೆಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುವ ಹಾಗೆ, ನಾಯಿ ಕಚ್ಚದಂತೆ ತಂತಿಯ ಕುಕ್ಕೆ. ಎರಡು, ಪರವಾನಗಿ ಇಲ್ಲದೆ ಹೊರದೇಶದ ನಾಯಿ ಇಂಗ್ಲೆಂಡಿನ ನೆಲ ಮೆಟ್ಟುವಂತಿಲ್ಲ. ಬಂದ ನಾಯಿ ನಿಗದಿಯಾದಷ್ಟು ಕಾಲ ಪ್ರತ್ಯೇಕವಾಸದಲ್ಲಿರಬೇಕು. 1901ರ ಹೊತ್ತಿಗೆ ಈ ಅವಧಿ ಆರು ತಿಂಗಳೆಂದು ನಿಂತಿತು.

ಕುಕ್ಕೆಯ ಆಜ್ಞೆ ನಾಯಿಪ್ರಿಯರನ್ನು ಕೆರಳಿಸಿತು. ಪ್ರತಿಭಟನಾ ಸಭೆಗಳು ನಡೆದವು, ಪತ್ರಿಕೆಗಳಿಗೆ ಪತ್ರಗಳು ಹರಿದವು. ಶ್ರೀಮಂತರ ಬೇಟೆನಾಯಿಗಳಿಗೆ ಬೇಟೆಯ ವೇಳೆಯಲ್ಲಿ ವಿನಾಯಿತಿ ಇದ್ದದ್ದು ಪಟ್ಟಣದ ಸಾಮಾನ್ಯರ ಕೋಪಕ್ಕೆ ತುಪ್ಪ ಸುರಿಯಿತು. ಲಾಂಗ್ ಜಗ್ಗಲಿಲ್ಲ. 1902ರಲ್ಲಿ ಬ್ರಿಟನ್ನಿನಲ್ಲಿ ರೇಬೀಸ್ ಇಲ್ಲವಾಯಿತು. ನಾಯಿಗೆ ಕೊಡುವ ಲಸಿಕೆಯೇ ಬಳಕೆಗೆ ಬಂದಿರದ ಕಾಲದಲ್ಲಿ, ಬರೀ ಆಡಳಿತದ ಬಿಗಿಯಿಂದ ಒಂದು ರೋಗವನ್ನು ದೇಶದಿಂದ ಹೊರಹಾಕಿದ ಅಪರೂಪದ ಉದಾಹರಣೆ ಇದು. ಕುಕ್ಕೆ ಹೋಯಿತು, ಬಂದರಿನ ಗೋಡೆ ಉಳಿಯಿತು.

ಸೈನಿಕನ ಚೀಲದಲ್ಲಿ ಬಂದ ರೋಗ

ಗೋಡೆಯಲ್ಲಿ ಬಿರುಕು ಬಿಟ್ಟದ್ದು ಮೊದಲ ಮಹಾಯುದ್ಧದ ಕೊನೆಯಲ್ಲಿ. ಫ್ರಾನ್ಸಿನ ಕಂದಕಗಳಲ್ಲಿ ವರ್ಷಗಟ್ಟಲೆ ಕಳೆದ ಸೈನಿಕರು ಅಲ್ಲಿನ ಬೀಡಾಡಿ ಮರಿಗಳನ್ನು ಹಚ್ಚಿಕೊಂಡಿದ್ದರು. ಸಾವಿನ ನಡುವೆ ಬಿಸಿಯಾಗಿ ಮೈಗೊರಗಿ ಮಲಗುತ್ತಿದ್ದ ಜೀವವನ್ನು ಬಿಟ್ಟುಬರುವುದು ಅವರಿಗೆ ಸುಲಭವಿರಲಿಲ್ಲ. ಹಾಗೆ ಕದ್ದುಮುಚ್ಚಿ ತಂದ ನಾಯಿಗಳ ಮೂಲಕವೇ 1918ರಲ್ಲಿ ರೇಬೀಸ್ ಮತ್ತೆ ಬ್ರಿಟನ್ನಿಗೆ ಬಂತೆಂದು ನಂಬಲಾಗಿದೆ. ನೌಕಾನೆಲೆಯಾದ ಪ್ಲಿಮತ್ ಸುತ್ತ ಮೊದಲು ಕಾಣಿಸಿಕೊಂಡ ರೋಗವನ್ನು ಪೂರ್ತಿ ಅಳಿಸಲು 1922ರವರೆಗೆ ಹೆಣಗಬೇಕಾಯಿತು. ಬಾಯಿಕುಕ್ಕೆಗಳು ಮತ್ತೆ ಬಂದವು. ಸೈನಿಕರ ನಾಯಿಗಳು ಕಾನೂನುಬದ್ಧವಾಗಿ ಬರಲೆಂದು ಪ್ರಾಣಿದಯಾ ಸಂಘಗಳು ಹಣ ಕೂಡಿಸಿ ಪ್ರತ್ಯೇಕವಾಸದ ಗೂಡುಗಳನ್ನು ನಡೆಸಿದವು.

ಆಮೇಲಿನ ದಶಕಗಳಲ್ಲಿ ಆರು ತಿಂಗಳ ನಿಯಮ ಬ್ರಿಟಿಷರಿಗೆ ಅಚಲ ಸತ್ಯದಂತಾಯಿತು. ಭಾರತದಿಂದ ನಿವೃತ್ತರಾಗಿ ಮರಳುತ್ತಿದ್ದ ಅಧಿಕಾರಿಗಳ ನಾಯಿಗಳಿಗೂ ಇದರಿಂದ ಬಿಡುಗಡೆ ಇರಲಿಲ್ಲ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ತಮ್ಮ ಸೀಮೆಯ ಬೇಟೆನಾಯಿಗಳ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂಬ ಮಾತು ಉತ್ತರ ಕರ್ನಾಟಕದಲ್ಲಿ ಪ್ರಸಿದ್ಧ. ಆ ದೊರೆ ಪಟ್ಟದಲ್ಲಿದ್ದ 1910ರಿಂದ 1936ರವರೆಗಿನ ಕಾಲದುದ್ದಕ್ಕೂ ಈ ಕಾನೂನು ಜಾರಿಯಲ್ಲಿತ್ತು.

ನಿಯಮದ ಬೆಲೆ ತೆತ್ತದ್ದು ಮುಖ್ಯವಾಗಿ ಮರಿಗಳು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ನಾಯಿಮರಿ ಮನುಷ್ಯರ, ಬೀದಿಯ, ಇತರ ಪ್ರಾಣಿಗಳ ಪರಿಚಯ ಮಾಡಿಕೊಳ್ಳುತ್ತದೆ. ಈ ಅವಧಿ ತಪ್ಪಿದರೆ ಮುಂದೆ ಅಂಜುಬುರುಕುತನವೋ ಸಿಡುಕೋ ಉಳಿದುಬಿಡುವ ಸಂಭವ ಹೆಚ್ಚು. ಎಂಟು ವಾರಕ್ಕೆ ಗೂಡು ಸೇರಿದ ಮರಿ ಹೊರಬರುವಾಗ ಎಂಟು ತಿಂಗಳ ನಾಯಿ. ಅದರ ಬಾಲ್ಯವೆಲ್ಲ ಸಿಮೆಂಟು ನೆಲದ ಮೇಲೆ, ಕಂಬಿಗಳ ಹಿಂದೆ, ಮಾಲೀಕರ ಭೇಟಿಯ ಗಂಟೆಗಳನ್ನು ಕಾಯುತ್ತ ಕಳೆದಿರುತ್ತಿತ್ತು. ಖರ್ಚೂ ಮಾಲೀಕರದೇ.

ಗೋಡೆ ಸಡಿಲಿದ್ದು

1969ರಲ್ಲಿ ಆಘಾತವೊಂದು ಕಾದಿತ್ತು. ಜರ್ಮನಿಯಿಂದ ಬಂದು ಆರು ತಿಂಗಳ ವಾಸ ಮುಗಿಸಿ ಹೊರಬಂದಿದ್ದ ಫ್ರಿಟ್ಸ್ ಎಂಬ ಟೆರಿಯರ್ ನಾಯಿಗೆ ಕ್ಯಾಂಬರ್ಲಿ ಎಂಬ ಊರಿನಲ್ಲಿ ಹುಚ್ಚು ಹಿಡಿಯಿತು. ಅದು ಅಲೆದಾಡಿದ್ದ ಕಾಡಿನ ನರಿಗಳನ್ನೆಲ್ಲ ಹುಡುಕಿ ಕೊಲ್ಲಿಸಲಾಯಿತು. ಮರುವರ್ಷ ನ್ಯೂಮಾರ್ಕೆಟ್ಟಿನಲ್ಲಿ, ಪಾಕಿಸ್ತಾನದಿಂದ ಬಂದಿದ್ದ ಇನ್ನೊಂದು ನಾಯಿಗೂ ಹಾಗೆಯೇ ಆಯಿತು. ಕಾದುನೋಡುವ ವಿಧಾನವೂ ಪೂರ್ಣವಲ್ಲ ಎಂಬುದು ಹೊರಬಿತ್ತು. ವಿಚಾರಣಾ ಸಮಿತಿ ಕುಳಿತಿತು, ಪ್ರತ್ಯೇಕವಾಸದಲ್ಲಿರುವ ಪ್ರಾಣಿಗಳಿಗೆ ಲಸಿಕೆ ಕಡ್ಡಾಯವಾಯಿತು, 1974ರಲ್ಲಿ ಇನ್ನಷ್ಟು ಕಠಿಣ ಕಾಯಿದೆ ಬಂತು.

ಅದೇ ಹೊತ್ತಿಗೆ ವಿಜ್ಞಾನ ಬೇರೊಂದು ದಾರಿ ತೆರೆಯುತ್ತಿತ್ತು. ಯೂರೋಪಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರೋಗ ಹಬ್ಬಿಸುತ್ತಿದ್ದುದು ನರಿಗಳು. 1978ರಲ್ಲಿ ಸ್ವಿಟ್ಜರ್ಲೆಂಡಿನವರು ಕೋಳಿತಲೆಗಳಲ್ಲಿ ಲಸಿಕೆಯ ಪೊಟ್ಟಣ ಇಟ್ಟು ಕಾಡಿನಲ್ಲಿ ಎರಚಿದರು. ಅದನ್ನು ತಿಂದ ನರಿಗಳಿಗೆ ರೋಗ ತಗಲಲಿಲ್ಲ. ಈ ಉಪಾಯ ದೇಶದಿಂದ ದೇಶಕ್ಕೆ ಹರಡಿ ಪಶ್ಚಿಮ ಯೂರೋಪಿನ ಕಾಡುಗಳು ಕ್ರಮೇಣ ಶುದ್ಧವಾದವು. ನಾಯಿಗೆ ಕೊಟ್ಟ ಲಸಿಕೆ ಹಿಡಿದಿದೆಯೇ ಎಂದು ರಕ್ತಪರೀಕ್ಷೆಯಿಂದ ಅಳೆಯಬಹುದಾಯಿತು. ಒಂದು ನಾಯಿಯ ಕಾಗದವನ್ನು ಇನ್ನೊಂದರ ಕೊರಳಿಗೆ ಕಟ್ಟುವ ಮೋಸಕ್ಕೆ ಅಕ್ಕಿಕಾಳಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪು ತಡೆಹಾಕಿತು. ಕಾಲುವೆಯ ಕೆಳಗಿನ ಸುರಂಗ 1994ರಲ್ಲಿ ತೆರೆದಾಗ ರೋಗ ಅದರ ಮೂಲಕ ನುಗ್ಗೀತೆಂಬ ಭಯವಿತ್ತು, ಹಾಗೇನೂ ಆಗಲಿಲ್ಲ.

1998ರಲ್ಲಿ ತಜ್ಞರ ಸಮಿತಿ ಬದಲಾವಣೆಗೆ ಶಿಫಾರಸು ಮಾಡಿತು. 2000ದ ಫೆಬ್ರವರಿ 28ರಂದು ನಾಯಿ ಬೆಕ್ಕುಗಳ ಪ್ರಯಾಣ ಯೋಜನೆ ಜಾರಿಗೆ ಬಂದು, ಆಯ್ದ ದೇಶಗಳ ಲಸಿಕೆ ಪಡೆದ ಪ್ರಾಣಿಗಳು ನೇರವಾಗಿ ಮನೆಗೆ ಹೋಗುವಂತಾಯಿತು. 2012ರಲ್ಲಿ ಯೂರೋಪಿನ ನಾಯಿಗಳಿಗೆ ಲಸಿಕೆಯ ನಂತರ ಬರೀ 21 ದಿನ ಕಾಯ್ದರೆ ಸಾಕೆಂದಾಯಿತು. ಬಾಗಿಲು ತೆರೆದದ್ದನ್ನು ಕಂಡು ವ್ಯಾಪಾರಿಗಳೂ ಬಂದರು. ಪೂರ್ವ ಯೂರೋಪಿನಲ್ಲಿ ಸಾಲುಸಾಲಾಗಿ ಹುಟ್ಟಿಸಿ, ತಾಯಿಯಿಂದ ಬೇಗನೆ ಅಗಲಿಸಿ, ವಯಸ್ಸು ಸುಳ್ಳು ಬರೆದ ಕಾಗದಗಳೊಡನೆ ವ್ಯಾನುಗಳಲ್ಲಿ ತುಂಬಿ ತರುವ ಮರಿಗಳ ದಂಧೆ ಬೆಳೆಯಿತು. ಹಳೆಯ ಗೋಡೆ ತಡೆದಿದ್ದುದು ರೋಗವನ್ನಷ್ಟೇ ಅಲ್ಲ ಎಂಬುದು ಆಗ ತಿಳಿಯಿತು.

ರೇಬೀಸ್ ಇಲ್ಲದ ಆಸ್ಟ್ರೇಲಿಯಾ ಮಾತ್ರ ಪಟ್ಟು ಸಡಿಲಿಸಿಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಅವರ ಎರಡು ಪುಟ್ಟ ನಾಯಿಗಳು ಖಾಸಗಿ ವಿಮಾನದಲ್ಲಿ ಹೇಳದೆ ಕೇಳದೆ ಬಂದಿಳಿದಾಗ, ಅಲ್ಲಿನ ಕೃಷಿ ಸಚಿವರು ನಾಯಿಗಳನ್ನು ಹಿಂದಕ್ಕೆ ಕಳಿಸಿ, ಇಲ್ಲವಾದರೆ ಕೊಲ್ಲಿಸಬೇಕಾದೀತು ಎಂದು ಎಚ್ಚರಿಸಿದರು. ನಾಯಿಗಳು ಮರಳಿದವು.

ಕಳ್ಳ ಒಳಗಿರುವ ಮನೆ

ಭಾರತದ ಸ್ಥಿತಿ ಇದಕ್ಕೆ ತಿರುಗಾಮುರುಗಾ. ಹುಚ್ಚುನಾಯಿ ಕಡಿದರೆ ಒಂದು ಕಾಲಕ್ಕೆ ಇಲ್ಲಿನ ಬ್ರಿಟಿಷ್ ಸೈನಿಕರನ್ನು ಪ್ಯಾರಿಸ್ಸಿಗೆ ಕಳಿಸುತ್ತಿದ್ದರು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದ ಮೇಲೆ ಚಿಕಿತ್ಸೆ ಹತ್ತಿರವಾಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯೇ ಹಳ್ಳಿಹಳ್ಳಿಯ ಜನ ನಡುಗುತ್ತಿದ್ದ 'ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ'. ಈ ಶತಮಾನದ ಮೊದಲ ದಶಕದಲ್ಲಿ ಅದು ಬಳಕೆ ತಪ್ಪಿ ತೋಳಿಗೆ ಕೊಡುವ ಸುರಕ್ಷಿತ ಲಸಿಕೆ ಬಂತು. ಆದರೂ ರೇಬೀಸಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂಬ ಅಂದಾಜಿನಲ್ಲಿ ಮೂರನೆಯ ಒಂದು ಪಾಲು ಭಾರತದ್ದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಂಥಲ್ಲಿ ವಿಮಾನ ನಿಲ್ದಾಣದ ತಪಾಸಣೆ ಹೊರಗಿನ ಬೇರೆ ರೋಗಗಳನ್ನು ತಡೆದೀತು. ರೇಬೀಸ್ ಮಟ್ಟಿಗೆ ಕಳ್ಳ ಮೊದಲೇ ಒಳಗಿದ್ದಾನೆ. ಅದಕ್ಕೆ ಮದ್ದು ಬೀದಿಯಲ್ಲಿದೆ. ಒಂದು ಊರಿನ ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ. ಗೋವಾ ಈ ದಾರಿಯಲ್ಲಿ ಬಹುದೂರ ಸಾಗಿದೆ.

ವಿದೇಶಿ ಮರಿಗಳ ವ್ಯಾಪಾರವೂ ಇಲ್ಲಿ ಪ್ರಶ್ನೆಗೊಳಗಾಗಿದೆ. ಹಿಮಪ್ರದೇಶದ ದಟ್ಟ ಕೂದಲಿನ ಹಸ್ಕಿ, ಸೇಂಟ್ ಬರ್ನಾರ್ಡ್ ನಾಯಿಗಳು ಬಯಲುಸೀಮೆಯ ಬಿಸಿಲಿನಲ್ಲಿ ನಾಲಗೆ ಚಾಚಿ ಏದುವುದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. 2016ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಸಂತಾನೋತ್ಪತ್ತಿಯ ವ್ಯಾಪಾರಕ್ಕಾಗಿ ನಾಯಿಗಳನ್ನು ತರಿಸುವುದನ್ನು ತಡೆದು ಅಧಿಸೂಚನೆ ಹೊರಡಿಸಿತು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅದೇ ವರ್ಷ ಬಾಗಲಕೋಟೆ ಜಿಲ್ಲೆಯ ಮುಧೋಳದ ಮರಿಗಳು ಭಾರತೀಯ ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋದವು.

ಭಾರತದಲ್ಲಿ ಹುಟ್ಟಿದ ಮರಿಯೊಂದು ಬ್ರಿಟನ್ನಿಗೆ ಹೋಗಬೇಕಾದರೆ ಲೆಕ್ಕ ಹೀಗಿದೆ. ಲಸಿಕೆ ಹಾಕಿಸಲು ಹನ್ನೆರಡು ವಾರ ತುಂಬಬೇಕು. ಆಮೇಲೆ 30 ದಿನ ಬಿಟ್ಟು ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲ ಕೂಡಿದರೆ ಹೆಚ್ಚುಕಡಿಮೆ ಯೂಯಟ್ ಹೇಳಿದ್ದ ಏಳು ತಿಂಗಳು. ಕಾಯುವ ಕಾಲ ಅಷ್ಟೇ ಇದೆ. ಆದರೆ ಮರಿ ಈಗ ಆ ತಿಂಗಳುಗಳನ್ನು ಕಂಬಿಯ ಹಿಂದೆ ಕಳೆಯುವುದಿಲ್ಲ. ಹುಟ್ಟಿದ ಮನೆಯ ಅಂಗಳದಲ್ಲಿ, ಬಲ್ಲವರ ಕಾಲಡಿಯಲ್ಲಿ ಆಡಿಕೊಂಡಿರುತ್ತದೆ.