ಒಂಟಿ ಗಣಿಯೂ ರಂಪಣಿ ಪಾಲೂ

ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಿದ್ದಾಗ ಬೈಂದೂರು ಕಡೆಯ ಹುಡುಗನೊಬ್ಬ ಮೊಬೈಲಿನಲ್ಲಿ ನಮಗೊಂದು ಯಂತ್ರದ ಚಿತ್ರ ತೋರಿಸಿದ. ಬಿಟ್‌ಕಾಯಿನ್ ಗಣಿಗಾರಿಕೆಯ ಸೆಕೆಂಡ್‌ಹ್ಯಾಂಡ್ ಯಂತ್ರ. ಅಮ್ಮನ ಬಳೆ ಅಡವಿಟ್ಟು ತರುವ ಯೋಚನೆ. ಪೂಲ್ ಗೀಲ್ ಬೇಡ, ಒಬ್ಬನೇ ಮಾಡುತ್ತಾನಂತೆ. "ಒಂದ್ ಸರ್ತಿ ಹೊಡುದ್ರ್ ಸಾಕಲ್ದಾ ಅಣ್ಣಾ" ಅಂದ.

ಒಬ್ಬನೇ ಹೊಡೆಯುವ ಕಾಲವೂ ಇತ್ತು. 2009ರ ಜನವರಿ 3ರಂದು ಮೊದಲ ಬ್ಲಾಕ್ ಹುಟ್ಟಿದಾಗ ಮನೆಯ ಕಂಪ್ಯೂಟರೇ ಗಣಿ. ಸರಿಯಾದ ಸಂಖ್ಯೆಯನ್ನು ಮೊದಲು ಊಹಿಸಿದವರಿಗೆ 50 ಬಿಟ್‌ಕಾಯಿನ್. ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಬ್ಲಾಕ್, ಇಡೀ ಜಗತ್ತಿಗೆ. 2010ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳು ಬಂದವು, ಸಣ್ಣವರು ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂರಬೇಕಾಯಿತು. ಅದೇ ವರ್ಷದ ಕೊನೆಗೆ ಜೆಕ್ ದೇಶದವರೊಬ್ಬರು ಮೊದಲ ಪೂಲ್ ಕಟ್ಟಿದರು: ಎಲ್ಲರೂ ಕೂಡಿ ಹುಡುಕುವುದು, ಸಿಕ್ಕಿದ್ದನ್ನು ದುಡಿದಷ್ಟಕ್ಕೆ ಹಂಚಿಕೊಳ್ಳುವುದು.

ನಮ್ಮ ಕರಾವಳಿಗೆ ಇದು ಹೊಸತಲ್ಲ. ಬೀಸುಬಲೆಯವನು ಒಬ್ಬನೇ ಹೋಗುತ್ತಿದ್ದ; ರಂಪಣಿಗೆ ಊರೇ ಬೇಕಿತ್ತು. ದೋಣಿಯಲ್ಲಿ ಬಲೆ ಸುತ್ತು ಹಾಕಿ, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆದು, ಬಂಗುಡೆ, ಬೂತಾಯಿಯನ್ನು ಪಾಲು ಮಾಡುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದ ಮೇಲೆ ರಂಪಣಿ ಮೂಲೆ ಸೇರಿತು. ಗಣಿಯಲ್ಲಿ ಆ ಪರ್ಸೀನ್ ಬಂದದ್ದು 2013ರಲ್ಲಿ, ಈ ಒಂದೇ ಕೆಲಸಕ್ಕೆಂದು ಮಾಡಿದ ಯಂತ್ರಗಳ ರೂಪದಲ್ಲಿ. ಇತ್ತ ಬಹುಮಾನ 2012, 2016, 2020, 2024ರಲ್ಲಿ ಅರ್ಧರ್ಧವಾಗಿ 3.125ಕ್ಕೆ ಇಳಿಯಿತು.

ಹುಡುಗನ ಯಂತ್ರ 100 ಟೆರಾಹ್ಯಾಶ್‌ನದ್ದು. 2024ರ ನಡುವಿನಲ್ಲಿ ಜಗತ್ತಿನ ಒಟ್ಟು ಬಲ ಸುಮಾರು 60 ಕೋಟಿ ಟೆರಾಹ್ಯಾಶ್. ಆಮೇಲೆ ಅದು ಇನ್ನೂ ಏರಿತು. ಅಂದರೆ ಪ್ರತಿ ಬ್ಲಾಕಿಗೆ 60 ಲಕ್ಷದಲ್ಲಿ ಒಂದು ಅವಕಾಶ. ದಿನಕ್ಕೆ 144 ಬ್ಲಾಕ್ ಹಿಡಿದರೆ ಸರಾಸರಿ 114 ವರ್ಷ ಕಾಯಬೇಕು. ಅಷ್ಟು ಕಾದರೂ ಸಿಗದಿರುವ ಸಾಧ್ಯತೆ ನೂರಕ್ಕೆ 37. ಒಂದು ವರ್ಷದಲ್ಲಿ ಸಿಗುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ.

ಖರ್ಚು ಮಾತ್ರ ಅದೃಷ್ಟಕ್ಕೆ ಕಾಯುವುದಿಲ್ಲ. 3 ಕಿಲೋವ್ಯಾಟ್, ಇಪ್ಪತ್ತನಾಲ್ಕು ಗಂಟೆ: ದಿನಕ್ಕೆ 72 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೂ ವರ್ಷಕ್ಕೆ 1.84 ಲಕ್ಷ. ಬಿಟ್‌ಕಾಯಿನ್‌ಗೆ 50 ಲಕ್ಷ ಬೆಲೆ ಹಿಡಿದರೆ ವರ್ಷದ ಸರಾಸರಿ ಗಳಿಕೆ 1.37 ಲಕ್ಷ. ಪೂಲ್ ಸೇರಿದರೂ ಈ ಲೆಕ್ಕ ಬದಲಾಗುವುದಿಲ್ಲ. ನಷ್ಟ ದಿನವೂ ಸ್ವಲ್ಪಸ್ವಲ್ಪ ಕಾಣುತ್ತದೆ, ಅಷ್ಟೆ. ಮೇಲಿಂದ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ. ಗಣಿಯ ಯಂತ್ರದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಉಪ್ಪು ಗಾಳಿ, ಆಟಿಯ ತಿಂಗಳಲ್ಲಿ ಕೈಕೊಡುವ ಕರೆಂಟು, ಇವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

"ಹಾಗಾರೆ ಅವ್ನಿಗ್ ಹ್ಯಾಂಗ್ ಸಿಕ್ತ್?" ಎಂದು ಹುಡುಗ ಕೇಳಿದ. 2022ರ ಜನವರಿಯಲ್ಲಿ ಸುಮಾರು ಇಷ್ಟೇ ಬಲದ ಯಂತ್ರದಿಂದ ಒಬ್ಬನಿಗೆ ಇಡೀ 6.25 ಬಿಟ್‌ಕಾಯಿನ್ ಸಿಕ್ಕಿದ್ದು ನಿಜ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲುವ ತನಕ ಅಂಗಡಿಗಳಲ್ಲಿ ಗೆದ್ದವರ ಸುದ್ದಿಯೇ ಸುದ್ದಿ. ಸೋತವರ ಹೆಸರನ್ನು ಯಾರೂ ಬರೆದು ಹಾಕುತ್ತಿರಲಿಲ್ಲ. ನಾವು ಅಷ್ಟೇ ಹೇಳಿದೆವು.

ಲೆಕ್ಕದ ಹಾಳೆಯನ್ನು ಅವನು ಫೋಟೊ ಹೊಡೆದುಕೊಂಡ. ಬಳೆ ಇನ್ನೂ ಮನೆಯಲ್ಲೇ ಇದೆಯಂತೆ. ಆದರೆ ಯಂತ್ರದ ರೇಟು ಇಳಿದಿದೆ ಎಂದು ಕಳೆದ ವಾರ ಮತ್ತೆ ಮೆಸೇಜ್ ಬಂದಿದೆ.